ಕೆಂಪು ಪಟ್ಟಿಯ ಪಾಠ

ಅಸುವಾನೊ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಡಾಕ್ಟರ್ ಎಬೆನೆಜರ್ ಟಾವಿಯಾ ಹುಟ್ಟಿನಿಂದ ಕೆಟ್ಟ ಮನುಷ್ಯನಲ್ಲ. ಅವನನ್ನು ಕೆಡಿಸಿದ್ದು ರಾಜಧಾನಿ ಅಕ್ರಾದ ಒಂದು ಹೋಟೆಲಿನಲ್ಲಿ ನಡೆದ ಕಾರ್ಯಾಗಾರ. ಅದಕ್ಕೆ ಮುಂಚೆ ಅವನೂ ಎಲ್ಲರ ಹಾಗೆ ಮರ್ಯಾದೆಯಿಂದ ಪಾಠ ಮಾಡುತ್ತಿದ್ದ. ಅಂದರೆ ತರಗತಿಗೆ ಹೋಗಿ, ಹಳದಿ ತಿರುಗಿದ ಹಾಳೆಗಳನ್ನು ಬಿಚ್ಚಿ, ನಿಧಾನವಾಗಿ ಓದುತ್ತಿದ್ದ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ವಾಪಸು ಕೊಡುತ್ತಿದ್ದರು. ಕೊಟ್ಟದ್ದು ಪೂರ್ತಿ ವಾಪಸು ಬಂತಲ್ಲ ಎಂದು ಅವನಿಗೆ ಸಮಾಧಾನ. ತಲೆಯಲ್ಲಿ ಏನನ್ನೂ ಇಟ್ಟುಕೊಳ್ಳಬೇಕಾಗಿಲ್ಲವಲ್ಲ ಎಂದು ಅವರಿಗೆ ಸಮಾಧಾನ.

ಕಾರ್ಯಾಗಾರ ನಡೆಸಿದ ಹೆಂಗಸು ಮೊದಲನೆಯ ದಿನವೇ, "ನೀವು ಬಾಯಿ ಬಿಟ್ಟಷ್ಟೂ ಅವರ ತಲೆ ಮುಚ್ಚುತ್ತೆ" ಎಂದುಬಿಟ್ಟಳು. ಆ ಮಾತು ಟಾವಿಯಾನ ಎದೆಗೆ ನಾಟಿತು. ಮಧ್ಯಾಹ್ನದ ಜೊಲೊಫ್ ಅನ್ನ ಮತ್ತು ಕೋಳಿ ಅದನ್ನು ಇನ್ನಷ್ಟು ಆಳಕ್ಕೆ ಇಳಿಸಿದವು. ಪ್ರಶ್ನೆ ಕೇಳಬೇಕಂತೆ, ಉತ್ತರ ಹೇಳಬಾರದಂತೆ. ವಿದ್ಯಾರ್ಥಿಗಳು ಒಂದೊಂದು ಗುಂಡಿ ಒತ್ತಿ ಮತ ಹಾಕಬೇಕಂತೆ. ಆಮೇಲೆ ಪಕ್ಕದವರ ಜೊತೆ ಜಗಳವಾಡಬೇಕಂತೆ, ಮತ್ತೆ ಮತ ಹಾಕಬೇಕಂತೆ. ಈ ಜಗಳದಲ್ಲೇ ವಿಜ್ಞಾನ ಹುಟ್ಟುತ್ತದಂತೆ. ಟಾವಿಯಾ ಒಂದು ಪ್ರಮಾಣಪತ್ರ ಮತ್ತು ಬಟ್ಟೆಯ ಚೀಲದೊಂದಿಗೆ ಹೊಸ ಮನುಷ್ಯನಾಗಿ ಊರಿಗೆ ಮರಳಿದ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಟಿವಿಯ ನೆತ್ತಿಯ ಮೇಲೆ ನೇತುಹಾಕಿದ.

ಅಂದು ಸಂಜೆ ಅವನ ಹೆಂಡತಿ ಫೆಲಿಸಿಯಾ ಅಡುಗೆಮನೆಯಿಂದ ಕೇಳಿದಳು.

"ರೀ, ರಾತ್ರಿಗೆ ಬಂಕು ಮುದ್ದೆ ಮಾಡ್ಲಾ, ಗೆಣಸು ಬೇಯಿಸ್ಲಾ?"

"ನಿನಗೇನನ್ಸುತ್ತೆ?" ಎಂದ ಟಾವಿಯಾ, ಹೊಸದಾಗಿ ಕಲಿತ ಮುಗುಳ್ನಗೆಯೊಂದಿಗೆ.

"ನನಗನ್ಸಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ?"

"ಪಕ್ಕದವರ ಜೊತೆ ಚರ್ಚೆ ಮಾಡು."

ಫೆಲಿಸಿಯಾ ಗಂಡನ ಮಾತು ಮೀರುವವಳಲ್ಲ. ಪಕ್ಕದ ಮನೆಯ ಮದಾಮ್ ಪೇಷೆನ್ಸ್ ಜೊತೆ ಚರ್ಚೆಗೆ ಹೋದವಳು ಅಲ್ಲೇ ಹೊಟ್ಟೆತುಂಬ ಊಟ ಮಾಡಿ ಬಂದು ಮಲಗಿದಳು. ಟಾವಿಯಾ ನೀರು ಕುಡಿದು ಮಲಗೋಣವೆಂದರೆ ನಲ್ಲಿಯಲ್ಲಿ ನೀರಿರಲಿಲ್ಲ. ಅಧ್ಯಾಪಕರ ವಸತಿಯಲ್ಲಿ ನೀರು ನಿಂತು ಎಷ್ಟು ಕಾಲವಾಯಿತೆಂದರೆ, ನಲ್ಲಿಯ ಬಾಯಲ್ಲಿ ಜೇಡ ಸಂಸಾರ ಹೂಡಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಟಾವಿಯಾನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆ ಶೈಕ್ಷಣಿಕ ಅವಧಿಯ ಕೊನೆಗೆ ಆಗಬೇಕಾಗಿತ್ತು. ಆಗದಿದ್ದರೆ ನಲ್ಲಿಯ ಸಮೇತ ಮನೆ ಬಿಟ್ಟು ಹೋಗಬೇಕು. ಹೋಗಲು ಇದ್ದದ್ದು ಒಂದೇ ಜಾಗ. ಅದು ಫೆಲಿಸಿಯಾಳ ಅಣ್ಣ ಹೇಫೋರ್ಡ್ ಮುಖ್ಯೋಪಾಧ್ಯಾಯನಾಗಿದ್ದ ಪ್ರೌಢಶಾಲೆ. "ವಿಜ್ಞಾನದ ಮೇಷ್ಟ್ರ ಜಾಗ ನಿನಗೋಸ್ಕರ ಖಾಲಿ ಇಟ್ಟಿದ್ದೀನಿ ಭಾವ" ಎಂದು ಹೇಫೋರ್ಡ್ ಪ್ರತಿ ಕ್ರಿಸ್‌ಮಸ್‌ನಲ್ಲೂ ಎಲ್ಲರ ಎದುರಿಗೆ ಹೇಳುತ್ತಿದ್ದ. ಆ ಶಾಲೆಯಲ್ಲಿ ಮೇಷ್ಟ್ರುಗಳೂ ಬೆಳಗ್ಗೆ ಸಾಲಿನಲ್ಲಿ ನಿಂತು ಉಗುರು ತೋರಿಸಬೇಕಾಗಿತ್ತು. ಈ ಉಗುರಿನ ಯೋಚನೆ ಬಂದರೆ ಸಾಕು, ಟಾವಿಯಾನಿಗೆ ಬೆವರಿಳಿಯುತ್ತಿತ್ತು. ಹೊಸ ಬಗೆಯ ಪಾಠದಿಂದ ಕೀರ್ತಿ ಬಂದು ನೌಕರಿ ಖಾಯಂ ಆದೀತೆಂದು ಅವನ ಲೆಕ್ಕಾಚಾರ. ಪಾಪ, ಅವನಿಗೆ ಲೆಕ್ಕ ಎಂದೂ ಸರಿಯಾಗಿ ಬಂದಿರಲಿಲ್ಲ. ಅದಕ್ಕೇ ಸಸ್ಯಶಾಸ್ತ್ರ ತೆಗೆದುಕೊಂಡದ್ದು.

ಮತ ಹಾಕುವ ಗುಂಡಿಗಳು ಅಸುವಾನೊದಲ್ಲಿ ಸಿಗುವಂಥವಲ್ಲ. ಸಿಕ್ಕಿದರೂ ಅದಕ್ಕೆ ಕರೆಂಟ್ ಬೇಕು. ಟಾವಿಯಾ ಬಟ್ಟೆಯ ಪಟ್ಟಿಗಳನ್ನು ಯೋಚಿಸಿದ. ಮಾರುಕಟ್ಟೆಯಲ್ಲಿ ಫೆಲಿಸಿಯಾಳದು 'ಕರ್ತನು ಮರೆಯನು ಹೊಲಿಗೆ ಅಂಗಡಿ'. ಶನಿವಾರ ಶನಿವಾರ ಯಾರದಾದರೂ ಅಂತ್ಯಕ್ರಿಯೆ ಇದ್ದೇ ಇರುವುದರಿಂದ ಕರ್ತನು ಅವಳನ್ನು ನಿಜವಾಗಿಯೂ ಮರೆತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಸಾವಿನ ಬಟ್ಟೆಗಳ ಕೆಂಪು ಚೂರು ಮೂಟೆಗಟ್ಟಲೆ ಬಿದ್ದಿತ್ತು. ನಾಮಕರಣದ ಬಿಳಿ ಚೂರು ಅದಕ್ಕಿಂತ ಕಡಿಮೆ. ಹಳದಿ ಹೇಗೋ ಹೊಂದಿಕೆಯಾಯಿತು. ನೀಲಿ ಎಲ್ಲೂ ಸಿಗಲಿಲ್ಲವಾದ್ದರಿಂದ ಟಾವಿಯಾ ವಿಜ್ಞಾನಕ್ಕಾಗಿ ತನ್ನ ನಡುಮನೆಯ ಕಿಟಕಿಯ ಪರದೆಯನ್ನೇ ಕತ್ತರಿಸಿದ.

"ಕೆಂಪು ಬೇಡ ಕಣ್ರೀ" ಎಂದಳು ಫೆಲಿಸಿಯಾ. "ಕೆಂಪು ಕಟ್ಕೊಂಡ್ರೆ ಒಂದೋ ಮನೇಲಿ ಹೆಣ ಇರ್ಬೇಕು, ಇಲ್ಲಾ ಬೀದೀಲಿ ಜಗಳ ಇರ್ಬೇಕು."

"ತರಗತಿಯಲ್ಲಿ ಕೆಂಪು ಅಂದ್ರೆ 'ಅ' ಉತ್ತರ ಅಷ್ಟೇ."

"ಅದು ನಿಮಗೆ ಗೊತ್ತು. ಕೆಂಪಿಗೆ ಗೊತ್ತಾ?"

ಈ ಪ್ರಶ್ನೆಗೆ ಅಕ್ರಾದ ಕಾರ್ಯಾಗಾರದಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಟಾವಿಯಾ ಮುಗುಳ್ನಕ್ಕು ಕತ್ತರಿ ಎತ್ತಿಕೊಂಡ.

ಸೋಮವಾರದ ತರಗತಿ ಕಿಕ್ಕಿರಿದಿತ್ತು. ಟಾವಿಯಾ ಹಳದಿ ಹಾಳೆಗಳಿಲ್ಲದೆ ಬರಿಗೈಯಲ್ಲಿ ಒಳಗೆ ಬಂದದ್ದನ್ನು ಕಂಡು ಮುಂದಿನ ಸಾಲಿನವರು ಗಾಬರಿಯಾದರು. ತರಗತಿಯ ಪ್ರತಿನಿಧಿ ಸೆಲಾಸಿ ಎಂಬ ಹುಡುಗಿ ಎದ್ದು ನಿಂತು, "ಸಾರ್, ನೋಟ್ಸ್ ಮನೇಲಿ ಬಿಟ್ಟು ಬಂದ್ರಾ? ಓಡಿಹೋಗಿ ತಂದ್ಬಿಡ್ಲಾ?" ಎಂದಳು. ಸೆಲಾಸಿ ಬಹಳ ಜಾಣೆ. ಟಾವಿಯಾ ಕೆಮ್ಮಿದರೆ ಅದನ್ನೂ ಆವರಣದೊಳಗೆ ಬರೆದುಕೊಳ್ಳುವಷ್ಟು ಶ್ರದ್ಧೆ ಅವಳದು.

"ಇವತ್ತಿಂದ ನೋಟ್ಸ್ ಇಲ್ಲ" ಎಂದ ಟಾವಿಯಾ.

ಇಡೀ ಸಭಾಂಗಣ ನಿಟ್ಟುಸಿರಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಪ್ರಾರ್ಥನೆ ಶುರುಮಾಡಿದರು.

ಟಾವಿಯಾ ಎಲ್ಲರಿಗೂ ನಾಲ್ಕು ಬಣ್ಣದ ಪಟ್ಟಿಗಳನ್ನು ಹಂಚಿಸಿ, ಕಿಟಕಿಯ ಆಚೆ ಕೈ ತೋರಿಸಿದ. ಹೊರಗೆ ಆಡಳಿತ ಭವನದ ಎದುರಿಗೆ ದೊಡ್ಡದೊಂದು ಬೂರುಗದ ಮರ. ಅದರ ಬೇರುಗಳ ನಡುವೆ ಆಡುಗಳು ಸಂಸಾರ ಮಾಡಬಹುದು, ಮಾಡುತ್ತಲೂ ಇದ್ದವು.

"ಆ ಮರ ಒಂದು ಕಾಲದಲ್ಲಿ ಬೆರಳ ತುದಿಯಷ್ಟು ಬೀಜ. ಈಗ ಕಡಿದು ಒಣಗಿಸಿದ್ರೆ ಲಾರಿಗಟ್ಟಲೆ ಕಟ್ಟಿಗೆ. ಅಷ್ಟು ತೂಕ ಬಹುಪಾಲು ಎಲ್ಲಿಂದ ಬಂತು? ಮಣ್ಣಿಂದ ಅನ್ನೋರು ಕೆಂಪು. ನೀರಿಂದ ಅನ್ನೋರು ಬಿಳಿ. ಬಿಸಿಲಿಂದ ಅನ್ನೋರು ಹಳದಿ. ಗಾಳಿಯಿಂದ ಅನ್ನೋರು ನೀಲಿ. ಯೋಚನೆ ಮಾಡಿ ಎತ್ತಿ."

"ಸಾರ್, ಇದು ಪರೀಕ್ಷೆಗೆ ಬರುತ್ತಾ?" ಎಂದಳು ಸೆಲಾಸಿ.

ಟಾವಿಯಾ ಉತ್ತರ ಕೊಡಲಿಲ್ಲ. ಉತ್ತರ ಕೊಡಬಾರದೆಂದು ಪ್ರಮಾಣಪತ್ರವೇ ಇತ್ತು. ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಸೆಲಾಸಿಯ ಮುಖ ನೋಡಿದರು. ಸೆಲಾಸಿ ಕೆಂಪು ಎತ್ತಿದಳು. ಮರುಕ್ಷಣ ಸಭಾಂಗಣ ಈ ಗೋಡೆಯಿಂದ ಆ ಗೋಡೆಯ ತನಕ ಕೆಂಪಾಯಿತು. ನೀಲಿ ಒಂದೂ ಇಲ್ಲ. ಪರದೆ ವ್ಯರ್ಥವಾಯಿತು.

ಇವರಿಗೆ ದ್ಯುತಿಸಂಶ್ಲೇಷಣೆಯನ್ನು ಟಾವಿಯಾನೇ ಬರೆಸಿದ್ದ. ಗಿಡ ಗಾಳಿಯಿಂದ ಇಂಗಾಲವನ್ನು ತೆಗೆದುಕೊಂಡು ತನ್ನ ಮೈಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಅಲ್ಪವಿರಾಮ, ಪೂರ್ಣವಿರಾಮದ ಸಮೇತ ಓದಿ ಹೇಳಿದ್ದ. ಇವರು ಅದನ್ನು ಪರೀಕ್ಷೆಯಲ್ಲಿ ಬರೆದಿದ್ದರು. ಇವನು ಸರಿ ಗುರುತು ಹಾಕಿದ್ದ. ಅದರಲ್ಲಿ ಒಂದಕ್ಷರವೂ ಯಾರ ತಲೆಗೂ ಹೋಗಿರಲಿಲ್ಲ. ಇಷ್ಟು ವರ್ಷ ತಾನು ಮಾಡಿದ್ದು ಪಾಠವೇ ಅಲ್ಲವೇ ಎಂದು ಅವನಿಗೆ ಅಳು ಬಂತು.

ಆದರೂ ಕಾರ್ಯಾಗಾರದ ಧೈರ್ಯವಿತ್ತು. ಈಗ ಪಕ್ಕದವರ ಜೊತೆ ಜಗಳವಾಡಬೇಕು. ಪಕ್ಕದವರದ್ದೂ ಅದೇ ಉತ್ತರವಾದರೆ ಜಗಳ ಹೇಗೆ? ಟಾವಿಯಾನಿಗೆ ಒಂದು ಉಪಾಯ ಹೊಳೆಯಿತು. ಅದು ಹೊಳೆಯದಿದ್ದರೆ ಎಷ್ಟೋ ಜನ ನೆಮ್ಮದಿಯಾಗಿರುತ್ತಿದ್ದರು.

"ಯಾರೂ ಉತ್ತರ ಬದಲಾಯಿಸ್ಬಾರ್ದು. ಎತ್ತಿದ ಪಟ್ಟೀನ ಹಣೆಗೆ ಕಟ್ಕೊಳ್ಳಿ. ಎಲ್ಲಾ ಮರದ ಹತ್ರ ನಡೀರಿ. ಮಣ್ಣಿಂದ ಬಂದಿದ್ರೆ ಬುಡದಲ್ಲಿ ಅಷ್ಟು ದೊಡ್ಡ ಹಳ್ಳ ಇರ್ಬೇಕಲ್ಲ? ಹೋಗಿ ಹುಡುಕಿ. ಕೂಗಾಡಿ. ಜಗಳ ಆಡಿ."

ವಿದ್ಯಾರ್ಥಿಗಳಿಗೆ ಇಷ್ಟು ಸೊಗಸಾದ ಆಜ್ಞೆ ಯಾವ ಮೇಷ್ಟ್ರೂ ಕೊಟ್ಟಿರಲಿಲ್ಲ. ಹಣೆಗೆ ಕೆಂಪು ಕಟ್ಟಿಕೊಂಡು ಬಾಗಿಲಿನಿಂದ ನುಗ್ಗಿದರು. ಬಾಗಿಲು ಸಾಲದೆ ಕಿಟಕಿಯಿಂದಲೂ ನುಗ್ಗಿದರು.

ಸರಿಯಾಗಿ ಅದೇ ಹೊತ್ತಿಗೆ ಕುಲಪತಿ ಪ್ರೊಫೆಸರ್ ನ್ಯಾರ್ಕೊ ಆಡಳಿತ ಭವನದ ಮೆಟ್ಟಿಲಿಳಿಯುತ್ತಿದ್ದರು. ಅವರ ಎಡಬಲಗಳಲ್ಲಿ ಅಕ್ರಾದಿಂದ ಬಂದ ಮಾನ್ಯತೆ ತಂಡದವರು. ಈ ವಿಶ್ವವಿದ್ಯಾಲಯ ಇರಬೇಕೋ ಮುಚ್ಚಬೇಕೋ ಎಂದು ಬರೆಯುವವರು ಅವರೇ. "ನಮ್ಮಲ್ಲಿ ಶಾಂತಿ ಒಂದು ಪರಂಪರೆ" ಎಂದು ಕುಲಪತಿಗಳು ಹೇಳುತ್ತಿದ್ದರು. ಪರಂಪರೆ ಎಂಬ ಮಾತು ಮುಗಿಯುವಷ್ಟರಲ್ಲಿ ಕೆಂಪು ಹಣೆಗಳ ಪ್ರವಾಹ ಅವರ ಕಡೆಗೇ ಬರುವುದು ಕಾಣಿಸಿತು. ಅದರ ನಡುವೆ ಒಂದು ಬೇರಿನ ಮೇಲೆ ಹತ್ತಿ ನಿಂತು ಡಾಕ್ಟರ್ ಟಾವಿಯಾ ಕೈ ಬೀಸಿ, ನೆಲ ತೋರಿಸಿ, "ಅಗೀರಿ! ಬುಡಾನೇ ನೋಡಿ! ಎಲ್ಲಿ ಹೋಯ್ತು ಕೇಳಿ!" ಎಂದು ಕಿರುಚುತ್ತಿದ್ದ.

ಮಾನ್ಯತೆ ತಂಡದ ಅಧ್ಯಕ್ಷರು ಅನುಭವಸ್ಥರು. ಬೇರೇನನ್ನೂ ಕೇಳದೆ ಹಿಂಬಾಗಿಲು ಎಲ್ಲಿದೆ ಎಂದಷ್ಟೇ ಕೇಳಿದರು. ಕುಲಪತಿಗಳು ತೋರಿಸಲು ಹೋಗಿ ಅವರಿಗಿಂತ ಮುಂಚೆ ಕಾರು ಹತ್ತಿದರು.

ಅಧ್ಯಾಪಕರ ಸಂಘದ ಕಾರ್ಯದರ್ಶಿ ಕಾಮ್ರೇಡ್ ಕ್ಲೆಟಸ್ ದೆರಿ ಕ್ಯಾಂಟೀನಿನಲ್ಲಿ ಅಲಸಂದೆಯ ವಾಚೆ ಅನ್ನ ತಿನ್ನುತ್ತಿದ್ದವನು ತಟ್ಟೆ ಬಿಟ್ಟು ಓಡಿಬಂದ. ನೀರಿಗಾಗಿ ಮುಷ್ಕರ ಹೂಡಬೇಕೆಂದು ಅವನು ಎಷ್ಟೋ ಸಭೆ ಕರೆದಿದ್ದ. ಸಭೆಗೆ ಅವನೊಬ್ಬನೇ ಬರುತ್ತಿದ್ದ. ಈಗ ಅವನ ಕಣ್ಣಲ್ಲಿ ನೀರಾಡಿತು. ಅಧ್ಯಾಪಕರ ಪಾಲಿಗೆ ಅಂದು ಕಂಡ ನೀರು ಅದೊಂದೇ.

"ಟಾವಿಯಾ! ಕಾಮ್ರೇಡ್! ನಿನ್ನ ನಾನು ಬರೀ ಎಲೆ ಎಣಿಸೋ ಗಿರಾಕಿ ಅಂದ್ಕೊಂಡಿದ್ದೆ ಮಾರಾಯ!" ಎಂದು ಅವನನ್ನು ತಬ್ಬಿಕೊಂಡ.

"ನಾನು ಪಾಠ ಮಾಡ್ತಿದ್ದೀನಿ ಕಣಯ್ಯ" ಎಂದ ಟಾವಿಯಾ.

"ಮಾಡು, ಮಾಡು! ಸರಿಯಾಗಿ ಪಾಠ ಕಲಿಸು ಅವರಿಗೆ!" ಎಂದ ದೆರಿ ಸೆಲಾಸಿಯ ಹಣೆಯ ಕೆಂಪು ಪಟ್ಟಿ ಕಿತ್ತು ತನ್ನ ಹಣೆಗೆ ಕಟ್ಟಿಕೊಂಡು ಬೇರು ಹತ್ತಿದ. "ನೀರೆಲ್ಲಿ?" ಎಂದು ಕೂಗಿದ. ನೀರಿಲ್ಲದ ಹಾಸ್ಟೆಲುಗಳ ಕಿಟಕಿಗಳೆಲ್ಲ ತೆರೆದುಕೊಂಡವು. ಗಣಿತದವರು, ಭೂವಿಜ್ಞಾನದವರು, ಯಾವ ತರಗತಿಗೂ ಹೋಗದವರು ಎಲ್ಲರೂ ಬಂದರು. ಮರ ಮಣ್ಣಿಂದ ಬಂತೋ ಗಾಳಿಯಿಂದ ಬಂತೋ ಎಂದು ಕೇಳಲು ಟಾವಿಯಾ ಒಬ್ಬೊಬ್ಬರ ತೋಳು ಹಿಡಿದು ಎಳೆದ. ಅವರು ಅವನನ್ನೇ ಹೆಗಲ ಮೇಲೆ ಹೊತ್ತುಕೊಂಡರು.

ಸಂಜೆ ಅವನು ಮನೆ ಸೇರಿದಾಗ ಅಂಗಳದಲ್ಲಿ ಶಾಮಿಯಾನದ ಕಂಬ ನಿಲ್ಲಿಸುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಬಂದು ಕೂತಿದ್ದವು. ಆದದ್ದಿಷ್ಟೇ. ಪರದೆಯಿಲ್ಲದ ಕಿಟಕಿಯಿಂದ ಮದಾಮ್ ಪೇಷೆನ್ಸ್ ಒಳಗೆ ಇಣುಕಿದ್ದಳು. ಪರದೆ ಇದ್ದಾಗಲೂ ಇಣುಕುತ್ತಿದ್ದಳು. ಆಗ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನಡುಮನೆಯ ತುಂಬ ಕೆಂಪು ಬಟ್ಟೆ, ಮಧ್ಯದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ ಫೆಲಿಸಿಯಾ. ಮುಷ್ಕರದ ಸುದ್ದಿ ಕೇಳಿ ಆಗಲೇ ಬೇರೆ ಬೇರೆ ವಿಭಾಗದವರು ಪಟ್ಟಿ ಬೇಕೆಂದು ಹೇಳಿಕಳಿಸಿದ್ದರು, ಎಲ್ಲಿಂದ ಹೊಲಿಯುವುದೆಂದು ಫೆಲಿಸಿಯಾ ತಲೆ ಕೆಡಿಸಿಕೊಂಡಿದ್ದಳು. ಪೇಷೆನ್ಸ್‌ಗೆ ಅದೆಲ್ಲ ಯಾಕೆ? ಚರ್ಚಿನ ಹೆಂಗಸರಿಗೆ ಸುದ್ದಿ ಮುಟ್ಟಿಸಿ, ಕುರ್ಚಿಯವನಿಗೂ ಹೇಳಿಬಿಟ್ಟಿದ್ದಳು.

"ಯಾರು ಹೋದ್ರು?" ಎಂದು ಟಾವಿಯಾ ಗಾಬರಿಯಿಂದ ಕೇಳಿದ.

"ನೀವೇ ಅಂದ್ಕೊಂಡಿದ್ವಿ" ಎಂದಳು ಪೇಷೆನ್ಸ್, ಸ್ವಲ್ಪ ಬೇಜಾರಿನಿಂದ. "ವೈಸ್ ಚಾನ್ಸಲರ್ ಕಾರಿಗೆ ಅಡ್ಡ ಬಿದ್ರು ಅಂತ ಯಾರೋ ಅಂದ್ರು. ಚರ್ಚಿನೋರು ಹಾಡು ಬೇರೆ ಅಭ್ಯಾಸ ಮಾಡ್ಬಿಟ್ಟಿದ್ದಾರೆ."

"ನಾನು ಬದುಕಿದ್ದೀನಲ್ಲ!"

"ಅದು ಕಾಣ್ತಿದೆ ಬಿಡಿ. ಈಗ ಕುರ್ಚಿಯೋನಿಗೆ ಏನು ಹೇಳೋದು?"

ಹಾಡು ಅಭ್ಯಾಸ ಮಾಡಿದವರು ಹಾಡದೆ ಹೋಗಲಿಲ್ಲ. ಟಾವಿಯಾ ತನ್ನ ಅಂತ್ಯಕ್ರಿಯೆಯ ಮೊದಲ ಸಾಲಿನಲ್ಲಿ ಕೂತು ಎಲ್ಲ ಹಾಡುಗಳನ್ನೂ ಕೇಳಿದ. ಎರಡನೆಯ ಹಾಡಿನ ಮಧ್ಯದಲ್ಲಿ ಫೆಲಿಸಿಯಾಳ ಅಣ್ಣ ಹೇಫೋರ್ಡ್ ಬಂದ. ಕಪ್ಪು ಕೋಟು, ಕೆಂಪು ಟೈ, ದುಃಖಕ್ಕೆ ಸಿದ್ಧವಾದ ಮುಖ. ಸತ್ತವನು ಎದ್ದು ಕೈ ಕುಲುಕಿದಾಗ ಆ ಮುಖ ಸಲೀಸಾಗಿ ಹಳೆಯ ಮುಖಕ್ಕೆ ತಿರುಗಿತು.

"ಭಾವ, ಪಾಠ ಅಂದ್ರೆ ಏನು?" ಎಂದ ಹೇಫೋರ್ಡ್, ಎಲ್ಲರಿಗೂ ಕೇಳಿಸುವಂತೆ. "ಬೋರ್ಡ್ ಮೇಲೆ ಬರೆಯೋದು. ಅವು ನಕಲು ಮಾಡೋದು. ಗಂಟೆ ಹೊಡೆಯೋದು. ದೇವರು ಮೋಶೆಗೆ ಕಲ್ಲಿನ ಮೇಲೆ ಬರೆದು ಕೊಟ್ಟ; 'ನಿನಗೇನನ್ಸುತ್ತೆ, ಪಕ್ಕದವರ ಜೊತೆ ಚರ್ಚೆ ಮಾಡು' ಅಂದ್ನಾ?"

ಚರ್ಚಿನ ಹೆಂಗಸರು "ಆಮೆನ್" ಎಂದರು.

"ನಿನ್ನ ಜಾಗ ಇನ್ನೂ ಖಾಲಿ ಇದೆ. ಉಗುರು ಮಾತ್ರ ಸ್ವಲ್ಪ ಕತ್ತರಿಸ್ಕೊ" ಎಂದು ಹೇಫೋರ್ಡ್ ಅವನ ಕೈ ತಿರುಗಿಸಿ ನೋಡಿದ. ಟಾವಿಯಾ ಕೈಯನ್ನು ಜೇಬಿನಲ್ಲಿ ಹಾಕಿಕೊಂಡ.

ಮುಷ್ಕರ ಬಲವಾಗಿ ನಡೆಯಿತು. ಫೆಲಿಸಿಯಾ ಅಂಗಡಿಯಲ್ಲಿ ಕೆಂಪು ಸಾಲದೆ ಪಕ್ಕದ ಊರಿನಿಂದ ತರಿಸಿದಳು. "ನಿಮ್ಮ ಪಾಠದಿಂದ ಏನೋ ಒಂದು ಪ್ರಯೋಜನ ಆಯ್ತು ಬಿಡಿ" ಎಂದು ಗಂಡನಿಗೆ ಸಂತೋಷದಿಂದಲೇ ಬಂಕು ಬಡಿಸಿದಳು. ದೆರಿ ದಿನಾ ಮರದ ಬೇರಿನ ಮೇಲೆ ನಿಂತು ಭಾಷಣ ಮಾಡುತ್ತ, ಕೊನೆಗೆ ಟಾವಿಯಾನನ್ನು ಮಾತಾಡಲು ಎಬ್ಬಿಸುತ್ತಿದ್ದ. ಟಾವಿಯಾ ಎದ್ದು, "ಬಂಧುಗಳೇ, ಈ ಮರ ಯಾತರಿಂದ ಆಗಿದೆ?" ಎಂದು ಕೇಳುತ್ತಿದ್ದ. "ಹೋರಾಟದಿಂದ!" ಎಂದು ಜನ ಕೂಗುತ್ತಿದ್ದರು. "ಅಲ್ಲ, ನಿಜವಾಗ್ಲೂ ಯೋಚನೆ ಮಾಡಿ" ಎಂದರೆ "ನಮ್ಮ ರಕ್ತದಿಂದ!" ಎನ್ನುತ್ತಿದ್ದರು. ಇಂಗಾಲ ಎಂದವರು ಒಬ್ಬರೂ ಇಲ್ಲ. ಅವನ ಭಾಷಣಕ್ಕೆ ಬಿದ್ದಷ್ಟು ಚಪ್ಪಾಳೆ ಅಸುವಾನೊದಲ್ಲಿ ಯಾವ ವಿಜ್ಞಾನಿಗೂ ಬಿದ್ದಿರಲಿಕ್ಕಿಲ್ಲ. ಅವನು ಮಾತ್ರ ದಿನದಿನಕ್ಕೆ ಸೊರಗುತ್ತ ಹೋದ.

ಒಂದು ಬೆಳಗ್ಗೆ ನಲ್ಲಿ ಕೆಮ್ಮಿತು. ಜೇಡವನ್ನು ಉಗಿಯಿತು. ಆಮೇಲೆ ನೀರು ಬಂತು. ಕುಲಪತಿಗಳು ಸೋತು ಹೊಸ ಪಂಪು ಹಾಕಿಸಿದ್ದರು. ಮುಷ್ಕರ ಮುಗಿಯಿತು, ಕೆಂಪು ಪಟ್ಟಿಗಳೆಲ್ಲ ಮಸಿಬಟ್ಟೆಯಾದವು. ಮರುದಿನವೇ ಟಾವಿಯಾನಿಗೆ ಶಿಸ್ತು ಸಮಿತಿಯಿಂದ ಕರೆ ಬಂತು.

ಸಮಿತಿಯಲ್ಲಿ ಕುಲಪತಿ ನ್ಯಾರ್ಕೊ, ಸಸ್ಯಶಾಸ್ತ್ರದ ಮುಖ್ಯಸ್ಥ ಪ್ರೊಫೆಸರ್ ಕ್ವೇ, ರಸಾಯನ, ಪ್ರಾಣಿಶಾಸ್ತ್ರ ವಿಭಾಗಗಳ ಹಿರಿಯರು ಕೂತಿದ್ದರು. ಸಂಘದ ಪರವಾಗಿ ನೋಡಲು ದೆರಿ ಬಂದಿದ್ದ. ಟಾವಿಯಾ ಹಿಂದಿನ ದಿನ ಉಗುರು ಕತ್ತರಿಸಿಕೊಂಡೇ ಬಂದಿದ್ದ.

"ಹುಡುಗರನ್ನ ಎತ್ತಿಕಟ್ಟಿದ್ದು ಯಾಕೆ?" ಎಂದರು ಕುಲಪತಿ.

"ನಾನು ಎತ್ತಿಕಟ್ಟಲಿಲ್ಲ ಸಾರ್. ಒಂದು ಪ್ರಶ್ನೆ ಕೇಳ್ದೆ, ಅಷ್ಟೇ."

"ಏನು ಪ್ರಶ್ನೆ?"

ಟಾವಿಯಾನಿಗೆ ಕಿವಿಯನ್ನು ನಂಬಲಾಗಲಿಲ್ಲ. ಇಷ್ಟೆಲ್ಲ ಗಲಾಟೆಯಾಗಿ, ಅವನ ಹೆಣಕ್ಕೆ ಹಾಡು ಹಾಡಿ, ಊರಿಗೆ ನೀರು ಬಂದ ಮೇಲೆ ಮೊಟ್ಟಮೊದಲ ಬಾರಿಗೆ ಒಬ್ಬ ಮನುಷ್ಯ ಪ್ರಶ್ನೆ ಏನೆಂದು ಕೇಳಿದ್ದ! ಅವನ ಎದೆ ತುಂಬಿ ಬಂತು. ಉಗುರು ಮರೆತುಹೋಯಿತು. ಕಾರ್ಯಾಗಾರದ ಚೀಲದಿಂದ ಉಳಿದ ಪಟ್ಟಿಗಳನ್ನು ತೆಗೆದು ಮೇಜಿನ ಸುತ್ತ ಹಂಚಿದ. ಮರವನ್ನು ತೋರಿಸಿದ. ಬೀಜ, ಕಟ್ಟಿಗೆ, ತೂಕ ಎಲ್ಲ ಹೇಳಿದ. ಇವರು ವಿಜ್ಞಾನಿಗಳು. ಇವರಲ್ಲೊಬ್ಬರು ನೀಲಿ ಎತ್ತಿದರೆ ಸಾಕು, ತಾನು ಹುಚ್ಚನಲ್ಲ.

"ಯೋಚನೆ ಮಾಡಿ ಎತ್ತಿ ಸಾರ್."

ಪ್ರೊಫೆಸರುಗಳು ಗಡ್ಡ ಕೆರೆದುಕೊಂಡರು. ಕುಲಪತಿಗಳ ಕೈಯನ್ನು ಓರೆಗಣ್ಣಿನಿಂದ ನೋಡಿದರು. ಕುಲಪತಿಗಳು ಕೆಂಪು ಎತ್ತಿದರು. ಮೇಜಿನ ಸುತ್ತ ಎಲ್ಲ ಕೈಗಳೂ ಕೆಂಪಾದವು. ಟಾವಿಯಾನ ಕೈಯಲ್ಲಿ ಮಾತ್ರ ಅವನ ಕಿಟಕಿಯ ನೀಲಿ ಚೂರು ನೇತಾಡುತ್ತಿತ್ತು.

"ದೆರಿ, ನೀನೂನಾ?" ಎಂದ ಟಾವಿಯಾ.

"ಉತ್ತರ ಏನಾದ್ರೂ ಇರ್ಲಿ ಕಾಮ್ರೇಡ್, ಸಂಘ ಕೆಂಪು ಬಿಟ್ಟು ಬೇರೆ ಎತ್ತಲ್ಲ."

ಟಾವಿಯಾ ಪ್ರೊಫೆಸರ್ ಕ್ವೇ ಕಡೆ ತಿರುಗಿದ. ಅವನಿಗೆ ದ್ಯುತಿಸಂಶ್ಲೇಷಣೆ ಬರೆಸಿದವರೇ ಅವರು. "ಸಾರ್, ಗಿಡ ಗಾಳಿಯಿಂದ ಏನು ತಗೊಳ್ಳುತ್ತೆ?"

ಕ್ವೇ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಇಂಗಾಲದ ಡೈ ಆಕ್ಸೈಡಿನಿಂದ ಹಿಡಿದು ಸಕ್ಕರೆಯ ತನಕ ಇಡೀ ಸಮೀಕರಣವನ್ನು ಒಪ್ಪಿಸಿದರು. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಕಣ್ಣು ತೆರೆದು, "ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ? ಅದು ದ್ಯುತಿಸಂಶ್ಲೇಷಣೆ. ನೀನು ಕೇಳ್ತಿರೋದು ಮರದ ವಿಷಯ" ಎಂದರು.

"ಮಣ್ಣಿಂದ ಬಂದಿದ್ರೆ ಬುಡದಲ್ಲಿ ಹಳ್ಳ ಎಲ್ಲಿ ಸಾರ್?" ಎಂದ ಟಾವಿಯಾ.

"ಆಡುಗಳು ಕೆರೆದು ಮುಚ್ಚಿವೆ" ಎಂದರು ಪ್ರಾಣಿಶಾಸ್ತ್ರದವರು, ತಮ್ಮ ವಿಷಯ ಬಂದದ್ದಕ್ಕೆ ಸಂತೋಷಪಟ್ಟು.

"ಇಷ್ಟು ದೊಡ್ಡ ಮರ ಗಾಳಿ ಅಂತೀಯಲ್ಲ, ಹಾಗಾದ್ರೆ ಅದು ಹಾರಿಹೋಗ್ಬೇಕಿತ್ತು" ಎಂದರು ರಸಾಯನದವರು.

ಆಗ ಕುಲಪತಿಗಳು ಮೆಲ್ಲಗೆ ಎದ್ದು ನಿಂತರು. ಪ್ರೊಫೆಸರ್ ನ್ಯಾರ್ಕೊ ಮಣ್ಣಿನ ವಿಜ್ಞಾನಿ. ಜೀವಮಾನವಿಡೀ ಮಣ್ಣನ್ನು ಜರಡಿ ಹಿಡಿದವರು. ಮನೆಯ ಗಾಜಿನ ಬೀರುವಿನಲ್ಲಿ ಜನ ಪಿಂಗಾಣಿ ಇಡುವ ಕಡೆ ಅವರು ಸೀಸೆಗಳಲ್ಲಿ ಮಣ್ಣು ಇಟ್ಟಿದ್ದರು.

"ಟಾವಿಯಾ" ಎಂದರು, ನೋವಿನಿಂದ. "ನೀನು ನೀರಿಗೆ ಮುಷ್ಕರ ಮಾಡಿದ್ದನ್ನ ಕ್ಷಮಿಸ್ತಿದ್ದೆ. ಮಾನ್ಯತೆ ತಂಡದ ಮುಂದೆ ನನ್ನ ಮಾನ ಕಳೆದದ್ದನ್ನೂ ಕ್ಷಮಿಸ್ತಿದ್ದೆ. ಆದ್ರೆ ನನ್ನ ಮುಂದೆ ನಿಂತ್ಕೊಂಡು ಮಣ್ಣಿನಿಂದ ಮರ ಆಗಲ್ಲ ಅಂತೀಯಾ?"

ಟಾವಿಯಾನಿಗೆ ಹೇಫೋರ್ಡನ ಶಾಲೆಯ ಗಂಟೆ ಕೇಳಿಸಿದಂತಾಯಿತು. ದೆರಿ ಗಂಟಲು ಸರಿಮಾಡಿಕೊಂಡು, ಇವನನ್ನು ತೆಗೆದರೆ ಮತ್ತೆ ಕೆಂಪು ಕಟ್ಟಬೇಕಾಗುತ್ತದೆ, ಬಟ್ಟೆ ಇನ್ನೂ ಅಂಗಡಿಯಲ್ಲಿದೆ ಎಂದು ವಿನಯದಿಂದ ತಿಳಿಸಿದ.

"ಸರಿ. ನಿನ್ನ ನೌಕರಿ ಖಾಯಂ ಮಾಡ್ತೀನಿ" ಎಂದರು ಕುಲಪತಿಗಳು. "ಒಂದೇ ಷರತ್ತು. ನಿನಗೆ ಗೊತ್ತಿರೋದನ್ನ ಹುಡುಗರನ್ನ ಕೇಳ್ಬೇಡ. ಗೊತ್ತಿದ್ರೆ ಹೇಳು, ಬರ್ಕೊಳ್ತಾರೆ. ಗೊತ್ತಿಲ್ದಿದ್ರೆ ರಜಾ ಹಾಕು. ಇನ್ನೊಂದು ಸಲ ನನ್ನ ಆವರಣದಲ್ಲಿ ಯಾರಾದ್ರೂ ಯೋಚನೆ ಮಾಡೋದು ಕಂಡ್ರೆ ನೀನೇ ಹೊಣೆ."

ಮನೆಯಲ್ಲಿ ಫೆಲಿಸಿಯಾ ಕುಣಿದಾಡಿದಳು. ಕಿಟಕಿಗೆ ಹೊಸ ಪರದೆ ಬಂತು. ಉಳಿದಿದ್ದ ಕೆಂಪು ಬಟ್ಟೆಯದೇ. ಹೇಫೋರ್ಡ್ ಫೋನು ಮಾಡಿ ಶುಭಾಶಯ ಹೇಳಿ, ಆದರೂ ಜಾಗ ಖಾಲಿಯೇ ಇಟ್ಟಿರುವುದಾಗಿ ತಿಳಿಸಿದ. ಟಾವಿಯಾ ಚೌಕಟ್ಟಿನ ಪ್ರಮಾಣಪತ್ರವನ್ನು ಟಿವಿಯ ನೆತ್ತಿಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದ. ನಲ್ಲಿ ತಿರುಗಿಸಿದರೆ ನೀರು ಧಾರಾಳವಾಗಿ ಬರುತ್ತಿತ್ತು. ಬೋಧನೆಯ ಸುಧಾರಣೆಯಿಂದ ಅಸುವಾನೊದಲ್ಲಿ ಆದದ್ದು ಅದೊಂದೇ.

ಸೋಮವಾರ ಅವನು ಹಳದಿ ಹಾಳೆಗಳನ್ನು ಹಿಡಿದು ತರಗತಿಗೆ ಹೋದಾಗ ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಹಾಳೆ ಬಿಚ್ಚಿ ಓದಿದ. "ಮರದ ಒಣ ತೂಕದ ಬಹುಪಾಲು, ಅಲ್ಪವಿರಾಮ, ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನಿಂದ ಬರುತ್ತದೆ, ಪೂರ್ಣವಿರಾಮ." ಸಭಾಂಗಣದಲ್ಲಿ ಪೆನ್ನುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ಕಿಟಕಿಯ ಆಚೆ ನೋಡಲಿಲ್ಲ. ಶೈಕ್ಷಣಿಕ ಅವಧಿಯ ಕೊನೆಗೆ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟ. ಎಲ್ಲರೂ, ಒಬ್ಬರೂ ಬಿಡದೆ, ಸರಿಯಾಗಿ ಬರೆದಿದ್ದರು. ಕಟ್ಟಿನ ಮೇಲೆ ಕಟ್ಟು ತಿದ್ದುತ್ತ ಹೋದ ಹಾಗೆ ಟಾವಿಯಾನ ಒಣಗಿದ ಎದೆಯಲ್ಲಿ ಏನೋ ಒಂದು ಚಿಗುರಿತು. ಎಷ್ಟಾದರೂ ಮರದ ಬುಡಕ್ಕೆ ಹೋಗಿ ಬಂದ ಮಕ್ಕಳಲ್ಲವೇ? ಗಲಾಟೆಯ ನಡುವೆಯೂ ಎಲ್ಲೋ ಒಂದಿಷ್ಟು ಒಳಗೆ ಇಳಿದಿರಬೇಕು.

ಫಲಿತಾಂಶ ಬಂದ ದಿನ ಸೆಲಾಸಿ ಮರದ ಕೆಳಗೆ ಸಿಕ್ಕಿದಳು. ತರಗತಿಗೇ ಮೊದಲು ಅವಳು.

"ಥ್ಯಾಂಕ್ಯೂ ಸಾರ್. ನೋಟ್ಸ್ ಕೊಟ್ರಲ್ಲ, ಈಗ ಎಲ್ಲಾ ಅರ್ಥ ಆಯ್ತು."

ಟಾವಿಯಾ ಸುತ್ತಮುತ್ತ ನೋಡಿದ. ಕುಲಪತಿಗಳ ಕಾರು ಇರಲಿಲ್ಲ. ಆಡುಗಳು ಮಾತ್ರ ಇದ್ದವು. ಅವನು ದನಿ ತಗ್ಗಿಸಿ, ಮರದ ಮೈ ಮೇಲೆ ಕೈಯಿಟ್ಟು, ಷರತ್ತು ಮುರಿದ.

"ಹಾಗಾದ್ರೆ ಹೇಳಮ್ಮ. ಇದು ಎಲ್ಲಿಂದ ಬಂತು?"

ಸೆಲಾಸಿ ಅವನನ್ನು ಮರುಕದಿಂದ ನೋಡಿದಳು. ಇಷ್ಟು ಓದಿದವರಿಗೆ ಇಷ್ಟು ಸಣ್ಣ ವಿಷಯ ಗೊತ್ತಿಲ್ಲವಲ್ಲ ಎಂಬಂತೆ ಅತ್ತಿತ್ತ ನೋಡಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

"ಪರೀಕ್ಷೇಲಿ ಗಾಳಿ ಸಾರ್. ಇದು ಮಣ್ಣು."